ತನ್ನ ಯೋಯ್ಕ್ ತಾನೇ ಹಾಡಿಕೊಂಡವನು

ನೀಲ್ಲಾಸ್ ತನ್ನ ಯೋಯ್ಕನ್ನು ತಾನೇ ಹಾಡಿಕೊಂಡನಂತೆ ಎಂಬ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು. ಹಾಡಿದ್ದು ದೂರದ ಬರ್ಲಿನ್ನಿನಲ್ಲಿ. ಅಲ್ಲಿಯವರಿಗೇನು ಗೊತ್ತು, ಚಪ್ಪಾಳೆ ತಟ್ಟಿದರು. ನಾರ್ವೆಯ ಉತ್ತರ ತುದಿಯಲ್ಲಿರುವ ಅವನ ಊರು, ಸಾಮಿ ಜನರ ಕೌಟೊಕೈನೊದಲ್ಲಿ ಮಾತ್ರ ಅದರ ವಿಡಿಯೊ ನೋಡಿದ ಮುದುಕಿಯರು ಕಾಫಿ ಬಟ್ಟಲು ಕೆಳಗಿಟ್ಟು ಮುಖ ಮುಖ ನೋಡಿಕೊಂಡರು. ಯೋಯ್ಕ್ ಅಂದರೆ ಒಬ್ಬ ಮನುಷ್ಯನ ಮೇಲಿನ ಹಾಡಲ್ಲ, ಅದು ಆ ಮನುಷ್ಯನೇ. ಬೇರೆಯವರು ಕಟ್ಟಿಕೊಡಬೇಕು, ಬೇರೆಯವರೇ ಹಾಡಬೇಕು. ತನ್ನದನ್ನು ತಾನೇ ಹಾಡಿಕೊಳ್ಳುವವನಿಗೆ ಒಂದೋ ಸೊಕ್ಕು ತಲೆಗೇರಿರುತ್ತದೆ, ಇಲ್ಲವೇ ಅವನಿಗೆ ಹಾಡುವವರು ಯಾರೂ ಉಳಿದಿರುವುದಿಲ್ಲ.

ನೀಲ್ಲಾಸನ ಯೋಯ್ಕ್ ಕಟ್ಟಿದ್ದು ದೊಡ್ಡಮ್ಮನ ಮಗ ಮಾಹ್ತೆ. ಹಿಮದ ಸ್ಕೂಟರ್ ರಿಪೇರಿಯ ಶೆಡ್ಡಿನಲ್ಲಿ ಇಬ್ಬರೂ ತಮ್ಮ ಸಾಮಿ ಮಾತಿನಲ್ಲೇ ರ‍್ಯಾಪ್ ಶುರುಮಾಡಿದ್ದರು. ನೀಲ್ಲಾಸ್ ಅರಳು ಹುರಿದ ಹಾಗೆ ಮಾತು ಸಿಡಿಸುವುದು, ಮಾಹ್ತೆ ತನ್ನ ಕುಂಟುಗಾಲು ಎಳೆದುಕೊಂಡು ಓಡಾಡುತ್ತ ನಡುನಡುವೆ ಆ ಯೋಯ್ಕನ್ನು ಪಲ್ಲವಿಯಾಗಿ ಎತ್ತುವುದು. ಜೋಡಿಗೆ ಬಿಯೆಗ್ಗಾ, ಅಂದರೆ ಗಾಳಿ, ಎಂದು ಹೆಸರಿಟ್ಟುಕೊಂಡರು. ಆ ಒಂದು ಹಾಡು ಅವರನ್ನು ಶಾಲೆಯ ಹಾಲ್‌ನಿಂದ ಓಸ್ಲೊಗೆ, ಅಲ್ಲಿಂದ ಹೊರದೇಶಗಳಿಗೆ ಹೊತ್ತೊಯ್ದಿತು. ಆಮೇಲೆ ಮಾಹ್ತೆಯ ಅಪ್ಪ ತೀರಿಕೊಂಡ. ಹಿಮಸಾರಂಗದ ಹಿಂಡು ನೋಡಿಕೊಳ್ಳಲು ಮಾಹ್ತೆ ಊರಿಗೆ ಮರಳಿದ, ನೀಲ್ಲಾಸ್ ಮರಳಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬನೇ ಹಾಡುವಾಗ ಪಲ್ಲವಿಯ ಜಾಗ ಹಲ್ಲು ಬಿದ್ದ ಬಾಯಿಯಂತೆ ಬಣಗುಟ್ಟುತ್ತಿತ್ತು. ಬರ್ಲಿನ್ನಿನಲ್ಲಿ ಒಂದು ಸಂಜೆ ತಡೆಯಲಾರದೆ ತಾನೇ ಹಾಡಿಬಿಟ್ಟ.

ಮಾಹ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ ನಿಂಗೆ ನಾನ್ ಬೇಕಾಗಿಲ್ಲ ಬಿಡೋ," ಎಂದು ಫೋನ್ ಇಟ್ಟ.

ಈಸ್ಟರ್ ಹಬ್ಬಕ್ಕೆ ಊರಲ್ಲೇ ಹಾಡಲು ಕರೆ ಬಂದಾಗ ನೀಲ್ಲಾಸ್ ಮಾಹ್ತೆಯ ತಾಯಿ, ದೊಡ್ಡಮ್ಮ ಎಲ್ಲೆಯ ಮೂಲಕ ಹೇಳಿ ಕಳಿಸಿದ. ಮಾಹ್ತೆ ಒಂದೇ ಒಂದು ಸಲ ಬಂದು ಹಾಡಲಿ, ಸಾಕು. ಅವನು ಹಾಡದಿದ್ದರೆ ಈ ಊರಿನಲ್ಲಿ ತಾನು ಇದ್ದೂ ಇಲ್ಲದವನು ಎಂಬುದು ನೀಲ್ಲಾಸನಿಗೆ ಚೆನ್ನಾಗಿ ಗೊತ್ತಿತ್ತು. ಗಾಳಿ ತಿರುಗಿದೆ, ಹಿಂಡು ಆಗಲೇ ಕಡಲ ಕಡೆ ಹೊರಟಿದೆ, ಬಿಟ್ಟು ಬರುವ ಹಾಗಿಲ್ಲ ಎಂದು ಉತ್ತರ ಬಂತು. ನಿಜವೋ ನೆಪವೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.

ವೇದಿಕೆ ಹತ್ತಿದ. ಮೊದಲ ಪಲ್ಲವಿ ಬಂದಾಗ ಬಾಯಿ ಮುಚ್ಚಿ ನಿಂತ. ಬರೀ ತಾಳ ಬಡಿಯುತ್ತಿತ್ತು. ಸಭೆಯಲ್ಲಿ ಆ ರಾಗ ಬಾರದವರು ಒಬ್ಬರೂ ಇರಲಿಲ್ಲ, ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಇಷ್ಟು ಜನರ ಮುಂದೆ ಇಷ್ಟು ಒಂಟಿಯಾಗಬಹುದೆಂದು ಅವನು ಎಣಿಸಿರಲಿಲ್ಲ. ಕಣ್ಣು ತುಂಬಿಕೊಂಡವು.

ಎರಡನೆಯ ಪಲ್ಲವಿಗೆ ಅವನ ಗಂಟಲಿನಿಂದ ಬೇರೆಯೇ ಏನೋ ಹೊರಟಿತು. ಮಾಹ್ತೆಯ ಯೋಯ್ಕ್. ಇಷ್ಟು ವರ್ಷ ತಾನು ಅವನಿಗೊಂದು ಕಟ್ಟಿಕೊಡಬೇಕೆಂದು ನೀಲ್ಲಾಸನಿಗೆ ಹೊಳೆದೇ ಇರಲಿಲ್ಲ. ಮಾಹ್ತೆಯ ತೊದಲು ನಗು, ಹಿಮಸಾರಂಗದ ಕೊಂಬಿಗೆ ಬೀಸಿ ಗುರಿ ತಪ್ಪುವ ಹಗ್ಗ, ಎಲ್ಲವನ್ನೂ ತಡವರಿಸುತ್ತ ರಾಗಕ್ಕೆ ತಂದು, ಎಡಗಾಲು ಎಳೆಯುತ್ತ ವೇದಿಕೆಯ ಉದ್ದಕ್ಕೂ ನಡೆದ. ಜನ ನಕ್ಕರು, ಕೆಲವರು ದನಿಗೂಡಿಸಿದರು. ಮುಂದಿನ ಸಾಲಿನಲ್ಲಿ ಎಲ್ಲೆ ದೊಡ್ಡಮ್ಮ ಫೋನನ್ನು ಎತ್ತಿ ಹಿಡಿದಿದ್ದಳು.

ಹಾಡು ಮುಗಿದ ಮೇಲೆ ಅವಳು ಆ ಫೋನನ್ನು ಅವನ ಕೈಗಿಟ್ಟಳು. "ಅವ್ನೂ ನೋಡ್ದ ಮಗಾ. ಮಾತಾಡು."

ತೆರೆಯ ಮೇಲೆ ಮಾಹ್ತೆಯ ಗಡ್ಡದ ತುಂಬ ಹಿಮ, ಬೆನ್ನ ಹಿಂದೆ ನಡೆಯುತ್ತಿರುವ ಹಿಂಡು. ಈಗ ಹಾಡುತ್ತಾನೆ, ಈಗ ಹಾಡುತ್ತಾನೆ ಎಂದು ನೀಲ್ಲಾಸ್ ಉಸಿರು ಹಿಡಿದು ಕಾದ. ಗಾಳಿಯ ನಡುವೆ ಸಾರಂಗಗಳ ಕೊರಳ ಗಂಟೆಗಳ ಸದ್ದಷ್ಟೇ ಕೇಳುತ್ತಿತ್ತು.

"ಚೆನ್ನಾಗ್ ಕಟ್ಟಿದೀಯ," ಅಂದ ಮಾಹ್ತೆ ಕೊನೆಗೆ. "ಆದ್ರೆ ನಾನ್ ಕುಂಟೋದು ಬಲಗಾಲು ಕಣೋ."

ಹಿಂಡು ಮುಂದೆ ಹೋಗುತ್ತಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟ. ನೀಲ್ಲಾಸ್ ತನ್ನ ಎಡಗಾಲನ್ನು ನೋಡಿಕೊಂಡ. ಹದಿನೈದು ವರ್ಷ ಒಂದೇ ವೇದಿಕೆಯ ಮೇಲೆ ಪಕ್ಕದಲ್ಲೇ ನಿಂತು ತನ್ನನ್ನು ಹಾಡಿದವನ ಕಾಲಿನ ಕಡೆ ಅವನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.