ಆಡಿಟ್ ಬಾಗಿಲು

"ಬೇಗ ಬೇಗ ಎತ್ತಿಡ್ರೇ ಕಾಲು, ಮುಂಡೇವಾ! ಹೆಣ ಹೊತ್ತಂಗೆ ಹೊತ್ಕೊಂಡ್ ಬತ್ತಾವ್ರೆ ನೋಡು!"

ಓಬುಲೇಶ್ ಹಿಂದಿನಿಂದ ಬೈಯುತ್ತಿದ್ದ. ಪಾಲಮ್ಮ ಮತ್ತು ಪಕ್ಕದ ಮನೆಯ ನರಸಕ್ಕ ತಗಡಿನ ಬಾಗಿಲನ್ನು ತಲೆಯ ಮೇಲೆ ಹೊತ್ತು ಹಿತ್ತಿಲುಗಳ ಸಂದಿಯಲ್ಲಿ ಓಡುತ್ತಿದ್ದರು.

ತೆಲುಗು ಸೀಮೆಯ ಗಡಿಯಲ್ಲಿ, ಅಮರಾಪುರದಾಚೆಯ ಈ ಕೇರಿಗೆ ಸರ್ಕಾರ ಮನೆಗೊಂದು ಪಾಯಖಾನೆ ಕೊಟ್ಟಿತ್ತು. ಗುತ್ತಿಗೆದಾರ ಓಬುಲೇಶ್ ಗೋಡೆ ಎಬ್ಬಿಸಿ ಬಿಲ್ಲು ಎತ್ತಿಕೊಂಡಿದ್ದ. ಬಾಗಿಲು ಇಡಲಿಲ್ಲ. ಇವತ್ತು ಆಡಿಟ್ ಸಾಹೇಬರು ಬಂದಿದ್ದರು, ಒಂದೊಂದು ಪಾಯಖಾನೆಯದೂ ಫೋಟೋ ತೆಗೆಯಲು. ಓಬುಲೇಶ್ ಒಂದೇ ಒಂದು ಬಾಗಿಲು ತಂದಿದ್ದ. ಒಂದೊಂದು ಫೋಟೋ ಆದ ಮೇಲೂ ಸಾಹೇಬರು ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಸೋಡಾ ಕುಡಿಯುವಷ್ಟರಲ್ಲಿ ಅದು ಮುಂದಿನ ಮನೆಯಲ್ಲಿ ನಿಂತಿರಬೇಕು. ಹೊರಲು ಒಲ್ಲೆ ಎಂದವರಿಗೆ ಕೂಲಿ ಕೆಲಸ ಸಿಗದಂತೆ ಮಾಡುತ್ತೇನೆ ಎಂದಿದ್ದ.

ಈ ಸಲ ಪಾಲಮ್ಮನದೇ ಮನೆ. ಬಾಗಿಲು ಕೂತಿತು. ಸಾಹೇಬರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಫೋಟೋ ತೆಗೆದರು.

"ದಿನಾ ಉಪಯೋಗಿಸ್ತೀರೇನಮ್ಮಾ?"

"ಎಲ್ಲಿ ಸಾರ್," ಎಂದು ಓಬುಲೇಶನೇ ನಕ್ಕ. "ಅರಮನೆ ಕಟ್ಕೊಟ್ರೂ ಈ ಜನಕ್ಕೆ ಬಯಲೇ ಬೇಕು."

ಸಾಹೇಬರೂ ನಕ್ಕು ಮರದ ಕಡೆ ಹೊರಟರು.

"ಹ್ಞೂಂ, ಬಿಚ್ಚು. ಬೋರಪ್ಪನ ಮನೆಗೆ ನಡೀರಿ."

"ಇದೊಂದು ಇಲ್ಲೇ ಇರ್ಲಿ ಬಿಡಣ್ಣ," ಎಂದಳು ಪಾಲಮ್ಮ. "ಮಗ್ಳು ಮೌನಿಕಾ ದೊಡ್ಡೋಳಾಗವ್ಳೆ."

"ಹಳೇ ಸೀರೆ ಕಟ್ಕೊ. ನಿಮ್ಮೋರ್ನ ನೋಡಾಕೆ ಯಾವನ್ ಬತ್ತಾನೆ?"

ಯಾರೋ ಬಂದಿದ್ದರು. ಹೋದ ವಾರ ಕತ್ತಲಲ್ಲಿ, ಕಡಲೆಕಾಯಿ ಹೊಲದಲ್ಲಿ ಕೂತಿದ್ದ ಮಗಳ ಮೇಲೆ ಮೊಬೈಲ್ ಲೈಟು ಬಿಟ್ಟಿದ್ದರು. ಅಂದಿನಿಂದ ಹುಡುಗಿ ಮಧ್ಯಾಹ್ನದ ಮೇಲೆ ನೀರು ಮುಟ್ಟುತ್ತಿರಲಿಲ್ಲ.

ಪಾಲಮ್ಮ ಬಾಗಿಲು ತೆರೆದಳು. ಒಳಗೆ ಹೋದಳು. ಚಿಲಕ ಹಾಕಿಕೊಂಡಳು.

"ಲೇಯ್! ಏನ್ ಮಾಡ್ತಿದೀಯೇ ಒಳಗೆ?"

"ಇದ್ರಾಗೆ ಇನ್ನೇನ್ ಮಾಡ್ತಾರೆ? ಕುಂತಿದೀನಿ."

ನರಸಕ್ಕ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸರ್ಕಾರಿ ಕೆಲ್ಸ ಕಣಣ್ಣ. ನಿಧಾನ ಆಗ್ತೈತೆ."

"ಹೊರಗ್ ಬಾರೇ ಸೂಳೆಮುಂಡೆ! ನಾಳೆಯಿಂದ ನಿಂಗೆ ಕೂಲಿ ಇಲ್ಲ!"

"ಬ್ಯಾಡ ಬಿಡು. ಬಾಗ್ಲು ಐತಲ್ಲ."

ಅಷ್ಟರಲ್ಲಿ, ಸೋಡಾ ಮುಗಿಸಿ ಬೋರಪ್ಪನ ಹಿತ್ತಿಲಿಗೆ ಹೋಗಿದ್ದ ಸಾಹೇಬರ ದನಿ ಕೇಳಿತು: "ಓಬುಲೇಶ್ ಗಾರೂ, ಇಲ್ಲಿ ಬಾಗಿಲೇ ಇಲ್ಲವಲ್ಲ?"

"ಇಲ್ಲೈತೆ ಬರ್ರಿ ಸಾರ್!" ನರಸಕ್ಕ ಗಂಟಲು ಹರಿಯುವಂತೆ ಕೂಗಿದಳು. "ನಮ್ ಕೇರೀಗೆಲ್ಲಾ ಒಂದೇ ಬಾಗ್ಲು! ಪಾಲಮ್ಮ ಕೊಡಲ್ಲ ಅಂತಾವ್ಳೆ!"

ಹಿತ್ತಿಲು ಹಿತ್ತಿಲಿನಿಂದ ಹೆಂಗಸರು ಬಂದರು. ಸಾಹೇಬರೂ ಬಂದರು. ಮುಚ್ಚಿದ ಬಾಗಿಲನ್ನು ನೋಡಿದರು, ಮೊಬೈಲಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ಆಮೇಲೆ ಮೊಬೈಲನ್ನು ಜೇಬಿಗಿಟ್ಟುಕೊಂಡು ಓಬುಲೇಶನಿಗೆ ಮೆಲ್ಲಗೆ ಹೇಳಿದರು:

"ಮೊದಲು ಆಯಮ್ಮನ್ನ ಹೊರಗೆ ತೆಗೀರಿ. ನನಗೆ ಹೊತ್ತಾಗುತ್ತೆ."

ಓಬುಲೇಶ್ ಒದ್ದ. ತಗಡು ಒಳಕ್ಕೆ ಬಾಗಿತು. ಒಳಗೆ ಪಾಲಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಎದುರಿನ ಗೋಡೆಗೆ ಎರಡೂ ಕಾಲು ಒತ್ತಿದಳು. ಚಿಲಕ ಬಿಡಲಿಲ್ಲ.

ಅವನು ಮತ್ತೆ ಕಾಲೆತ್ತಿದ. ನರಸಕ್ಕ ನಡುವೆ ಬಂದು ಹೊರಗಿನಿಂದ ಅದೇ ಬಾಗಿಲಿಗೆ ಒರಗಿ ಕೂತಳು. ಅವಳ ಪಕ್ಕಕ್ಕೆ ಬೋರಪ್ಪನ ಹೆಂಡತಿ ಕೂತಳು.

"ಈಗ ಒದಿ," ಎಂದಳು ನರಸಕ್ಕ.