ಕೆಂಪು ಟೋಪಿ ಯಾರ ತಲೆಯ ಮೇಲೆ

ಹೋದ ಸಲ ಆಸ್ಪತ್ರೆಯ ಸರ್ವರ್ ನಿಲ್ಲಿಸಿ ತೆತ್ತದ್ದು ನಾಲ್ಕು ಗಂಟೆ, ಕೈಯಲ್ಲಿ ಬರೆದ ಮುನ್ನೂರು ಹಾಳೆ ಕಾಗದ, ಹನ್ನೊಂದು ನರ್ಸುಗಳ ಭಾನುವಾರ, ಏಳನೇ ಹಾಸಿಗೆಯ ಮುದುಕನ ಬೆಳಗಿನ ಔಷಧಿ—ಚೀಟಿ ಎಲ್ಲೋ ಬಿದ್ದು ಅದು ಅವನಿಗೆ ಸಿಕ್ಕಿದ್ದು ಮಧ್ಯಾಹ್ನ—ಸರ್ವರ್ ಕೋಣೆಯಲ್ಲಿ ಕತ್ತಿಗೆ ಫ್ಯಾನಿನ ತಣ್ಣನೆ ಗಾಳಿ, ಲೋರ್ನಾ ಪೆಟ್ರಿಕ್‌ಗೆ ಚಳಿಯೇ ಇಲ್ಲ, ಅಂಗೈ ಬೆವರುತ್ತಿದೆ, ಈ ಸಲ ಒಂದು ಹಾಳೆಯೂ ಬೇಡ ಎಂದು ಮಾತು ಕೊಟ್ಟಾಗಿದೆ, ಅದೂ ಹೆಡ್ ನರ್ಸ್ ಮೊರೀನ್‌ಗೆ, ಅವಳು ಅಂದಿದ್ದಳು, ನೋಡೇ, ಇನ್ನೊಂದ್ಸಲ ನನ್ ಹುಡುಗೀರ ಕೈಗೆ ಕಾಗದ ಬಂದ್ರೆ ಅಷ್ಟನ್ನೂ ನಿನ್ ಕೈಲೇ ಕಂಪ್ಯೂಟರಿಗೆ ಹತ್ತಿಸ್ತೀನಿ, ಹತ್ತಿಸುವವಳೇ ಅವಳು—ಇರುವುದು ಎರಡು ಸರ್ವರ್, ಆಸ್ಪತ್ರೆಯ ಲೆಕ್ಕವೆಲ್ಲ ಎರಡರಲ್ಲೂ ಇದೆ, ಒಂದು ಆಸ್ಪತ್ರೆಯ ಕೆಲಸದ ಹೊರೆ ಹೊತ್ತಿರುವಾಗ ಇನ್ನೊಂದರ ತಂತ್ರಾಂಶಕ್ಕೆ ತೇಪೆ ಹಾಕಿ, ಬಂದ್ ಮಾಡಿ ಎಬ್ಬಿಸುವುದು, ಆಮೇಲೆ ಹೊರೆ ಬದಲು, ಹೊತ್ತದ್ದರ ನೆತ್ತಿಯ ಮೇಲೆ ಕೆಂಪು ಉಣ್ಣೆ ಟೋಪಿ, ಲೋರ್ನಾಳ ಅಮ್ಮ ಹೆಣೆದದ್ದು, ಟೋಪಿ ಇರುವುದನ್ನು ಮುಟ್ಟಬಾರದು, ಹಿಂದೆ ನಿಂತಿರುವ ಜೊತೆಗೆಲಸದ ವೆಸ್ ಒಮ್ಮೆ ತಪ್ಪು ಸರ್ವರನ್ನು ಬಂದ್ ಮಾಡಿ ಆಸ್ಪತ್ರೆಯನ್ನೇ ಕುರುಡು ಮಾಡಿದ ಮೇಲೆ ಬಂದ ಕಟ್ಟಳೆ—ಮೊದಲನೆಯದು ಎದ್ದಿತಲ್ಲ, ಎಷ್ಟು ಚೆಂದ ಎದ್ದಿತು, ಹೊರೆ ಮೂವತ್ತೈದೇ ಸೆಕೆಂಡಿನಲ್ಲಿ ಅದರ ಮೇಲೆ ಮರಳಿತು, ಮೇಲಿನ ವಾರ್ಡುಗಳಲ್ಲಿ ಯಾರಿಗೂ ಗೊತ್ತೇ ಆಗಿಲ್ಲ, ಇನ್ನು ಎರಡನೆಯದು, ಹಾಕು, ತೇಪೆ ಕೂತಿತು, ಇನ್ನು ಬಂದ್ ಮಾಡಿ ಎಬ್ಬಿಸುವುದೊಂದೇ, ಕೀಲಿಯ ಮೇಲೆ ಬೆರಳು, ರೂಢಿಯಂತೆ ಕಣ್ಣು ಟೋಪಿಯತ್ತ—

ಟೋಪಿ ಇಲ್ಲ. ಇದರ ಮೇಲೂ ಇಲ್ಲ, ಅದರ ಮೇಲೂ ಇಲ್ಲ, ವೆಸ್, ಟೋಪಿ ಎಲ್ಲಿ, ಯಾವ ಟೋಪಿ, ತಿರುಗಿ ನೋಡಿದರೆ ಅವನ ಬೋಳುತಲೆಯ ಮೇಲೆ ಕೆಂಪಗೆ ಕೂತಿದೆ, ಅಯ್ಯೋ, ಇದರಿಂದ ಅದಕ್ಕೆ ಹಾಕೋಣ ಅಂತ ತೆಗೆದೆ ಕಣೇ, ತಲೆ ಐಸಾಗಿತ್ತು, ಮರ್ತೇಬಿಟ್ಟೆ, ಹಾಗಾದ್ರೆ ಆಸ್ಪತ್ರೆ ಹೊರೆ ಎಲ್ಲಾ ನಿನ್ ತಲೆ ಮೇಲೇ ಇದೆ ಅನ್ನು, ನಗು ಬರುತ್ತಿದೆ, ಟೋಪಿಯನ್ನು ನಂಬುವಂತಿಲ್ಲ, ಸರ್ವರನ್ನೇ ಕೇಳಬೇಕು, ಕೇಳಿದಳು, ಹೊತ್ತವರು ಯಾರಪ್ಪಾ, ಮೊದಲನೆಯದು ಎಂದಿತು ಪರದೆ—ಬೆರಳು ಒತ್ತಲಿದ್ದ ಪರದೆಯ ಕಿಟಕಿಯ ಹೆಸರು ಓದಿದಳು, ಅದೂ ಮೊದಲನೆಯದರದೇ, ತೇಪೆ ಕೂರುವಾಗ ನೋಡಲೆಂದು ತೆರೆದದ್ದು, ಒತ್ತಿದ್ದರೆ ಆಸ್ಪತ್ರೆಯ ಪರದೆಗಳೆಲ್ಲ ಕತ್ತಲು, ಮೂರನೇ ಮಹಡಿಯ ವಾರ್ಡಿನವೂ, ಏಳನೇ ಹಾಸಿಗೆಯಲ್ಲಿ ಇವತ್ತು ಯಾರಿದ್ದಾರೋ—ಟೋಪಿ ತನ್ನ ಜಾಗದಲ್ಲಿ ಇದ್ದಿದ್ದರೆ ಓದುತ್ತಲೇ ಇರಲಿಲ್ಲ, ಕಿಟಕಿ ಬದಲಿಸಿದಳು, ಒತ್ತಿದಳು, ಆರಿತು, ಕಾದಳು, ಹಸಿರು, ಹಸಿರು, ಅದೂ ಎದ್ದಿತು—ಫೋನು, ಮೊರೀನ್, ಎಂಟೂವರೆ ಆಯ್ತಲ್ಲೇ, ಯಾವಾಗ ಶುರು ಮಾಡ್ತೀಯಾ, ಕಾಗದ ತೆಗೆದಿಡ್ಲಾ, ಶುರು ಎಲ್ಲಿಂದ ಬಂತು, ಮುಗೀತು, ಆ ಕಡೆಯಿಂದ, ಸುಳ್ಳಿ, ಆಮೇಲೆ ನಗು. ಹೋದದ್ದು ಹೊರೆ ಎರಡು ಸಲ ಬದಲಾದ ಎಪ್ಪತ್ತು ಸೆಕೆಂಡು, ಬರೆದ ಹಾಳೆ ಒಂದೂ ಇಲ್ಲ, ಕೊಟ್ಟ ಮಾತು ಉಳಿಯಿತು, ಉಳಿಸಿದ್ದು ಜಾಗ ತಪ್ಪಿದ್ದ ಒಂದು ಟೋಪಿ, ವೆಸ್ ತಲೆಯ ಮೇಲೆ, ಕೆಂಪಗೆ.