ದಸರಾ ರಜೆಯ ಶಿಷ್ಯೆ

ಕಂಬಕ್ಕೆ ಒರಗಿಸಿ ಕೂರಿಸಿದ್ದ ವೀರಮ್ಮನ ತಲೆ ಮತ್ತೆ ಎಡಕ್ಕೆ ವಾಲಿತು.

"ಇನ್ನೊಂದು ಸುತ್ತು ಬಿಗೀರಿ," ಎಂದರು ಹಿರೇಮಠದ ಅಯ್ಯನವರು.

ಹೆಂಗಸರು ಬಿಳಿ ಪಟ್ಟಿ ಬಿಚ್ಚಿ, ಹಣೆಯ ಮೇಲಿಂದ ತಂದು ಕಂಬಕ್ಕೆ ಸುತ್ತಿದರು. ಗಂಟು ಹಾಕಿದವಳು ಸೊಸೆ ನಿರ್ಮಲಮ್ಮ. ತಂತಿ ಸಿಕ್ಕಿದ ಕೂಡಲೇ ಮೈಸೂರಿನಲ್ಲಿ ರೈಲು ಹತ್ತಿದವಳು, ಶಿವಮೊಗ್ಗದಿಂದ ಬಸ್ಸು ಹಿಡಿದು ಈಗಷ್ಟೇ ಬಂದಿದ್ದಳು. ಇನ್ನೂ ಮುಖ ಕೂಡ ತೊಳೆದಿರಲಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಅತ್ತೆ ತೆಪ್ಪಗೆ ಕೂತಿದ್ದಳು. ಶಿಕಾರಿಪುರದ ಆ ಓಣಿಯವರು ವೀರಮ್ಮ ಇಷ್ಟು ಹೊತ್ತು ತೆಪ್ಪಗಿದ್ದದ್ದನ್ನು ಕಂಡವರೇ ಅಲ್ಲ.

"ಆಡೋದೆಲ್ಲ ಆಡಿ ಮುಗಿಸ್ಕೊಂಡೇ ಹೋದ್ಲು ಪುಣ್ಯಾತ್ಗಿತ್ತಿ," ಎಂದಳು ಎದುರುಮನೆ ಶಕುಂತಲಮ್ಮ, ಕಣ್ಣೊರೆಸಿಕೊಳ್ಳುತ್ತಲೇ ನಗುತ್ತ. "ನಮಗೆ ಒಂದು ಮಾತು ಆಡಾಕೆ ಬಿಟ್ಟಿದ್ಲೇನು?"

ಅದೇನೂ ಸುಳ್ಳಲ್ಲ. ವೀರಮ್ಮ ಎದುರಿಗೆ ಸಿಕ್ಕರೆ ಸಾಕು, ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಮನೆಯ ಸಮಾಚಾರ ತಾನೇ ಕೇಳಿ, ಉತ್ತರವನ್ನೂ ತಾನೇ ಹೇಳಿ, ಬುದ್ಧಿವಾದವನ್ನೂ ಕೊಟ್ಟು ಮುಂದೆ ಹೋಗುತ್ತಿದ್ದಳು. ಕಿರಿಮಗ ಸದಾಶಿವಪ್ಪ ಜ್ವರ ಬಂದು ತೀರಿಕೊಂಡ ಮೇಲಂತೂ ಅದು ಅತಿಯಾಯಿತು. ದುಃಖ ಮರೆಯುವುದಕ್ಕೆ ಹೀಗೆ ಮಾತಾಡುತ್ತಾಳೆ ಎಂದು ಓಣಿಯವರು ಸಹಿಸಿಕೊಂಡರು. ನಿರ್ಮಲಮ್ಮನೂ ಹಾಗೆಯೇ ತಿಳಿದಿದ್ದಳು.

"ಯಾವಾಗ ವಾಪಸ್ಸು ಹೋಗೋದು?" ಓರಗಿತ್ತಿ ರಾಜೇಶ್ವರಮ್ಮ ಮೆಲ್ಲಗೆ ಕೇಳಿದಳು. ಅವಳೂ ಗಂಡ ಪಂಚಾಕ್ಷರಪ್ಪನೂ ಹಿಂದಿನ ದಿನವೇ ಸೊರಬದಿಂದ ಬಂದಿದ್ದರು. ಅಲ್ಲಿ ಅವರಿಗೆ ಬೆಲ್ಲದ ವ್ಯಾಪಾರ.

"ನಾಳೆ ಬೆಳಗಿನ ಬಸ್ಸಿಗೇ ಹೋಗ್ಬೇಕಕ್ಕ. ನಾಡಿದ್ದು ಪರೀಕ್ಷೆ."

"ಅತ್ತೆ ಇನ್ನೂ ಮನೆ ಬಿಟ್ಟಿಲ್ಲ, ನೀನು ಬಸ್ಸಿನ ಮಾತಾಡ್ತೀಯಲ್ಲೇ! ಸೂತಕದವಳು ಹೊಸಿಲು ದಾಟ್ತಾಳಾ?"

ಅಯ್ಯನವರಿಗೆ ಇದು ಕೇಳಿಸಿತು. "ಲಿಂಗ ಕಟ್ಟಿದವರಿಗೆ ಎಂಥಾ ಸೂತಕ ತಾಯಿ? ನಮ್ಮಲ್ಲಿ ಇಲ್ಲದ್ದನ್ನ ನೀವ್ಯಾಕೆ ತರ್ತೀರಿ?" ಎಂದು ಪತ್ರೆ ಆರಿಸುವುದನ್ನು ಮುಂದುವರಿಸಿದರು.

"ಸೂತಕದ ಮಾತಲ್ಲ ಅಯ್ಯನೋರೆ, ಕೂಸಿನ ಮಾತು," ಎಂದ ಪಂಚಾಕ್ಷರಪ್ಪ. ಕೆಟ್ಟ ಮನುಷ್ಯನಲ್ಲ ಅವನು. ತಮ್ಮ ಸತ್ತಾಗಿನಿಂದ ಈ ಮನೆಗೆ ಅಕ್ಕಿ, ಬೆಲ್ಲ ತಪ್ಪಿಸಿದವನಲ್ಲ. "ಅವ್ವ ಇದ್ಲು, ಧೈರ್ಯವಾಗಿ ಸೈನ್ ಹಾಕಿದೆ. ಈಗ ಗಿರಿಜಿಯನ್ನ ನೋಡೋರು ಯಾರು? ಪಾಸಾದ್ಮೇಲೆ ಐದು ವರ್ಷ ಸರ್ಕಾರ ಹೇಳಿದ ಊರಲ್ಲಿ ದುಡೀಬೇಕು ಅಂತ ಬರೆದುಕೊಟ್ಟಾಗಿದೆ. ಕೂಸು ಕಟ್ಕೊಂಡು ಒಬ್ಬಳೇ ಎಲ್ಲಿ ಅಂತ ಇರ್ತೀಯ ನಿರ್ಮಲ? ಸಾಕು ಬಿಡು. ನಾಳೆ ತಾಯಿ ಮಗಳು ಇಬ್ಬರೂ ಸೊರಬಕ್ಕೆ ಬನ್ನಿ. ನಮ್ಮನೇಲಿ ಉಣ್ಣೋದಕ್ಕೇನು ಕಮ್ಮಿ ಅದೆ?"

ನಿರ್ಮಲಮ್ಮ ಮೈಸೂರಿಗೆ ಹೋದದ್ದು ಕಿವುಡು ಮಕ್ಕಳಿಗೆ ಕಲಿಸುವ ತರಬೇತಿಗೆ. ಬರೆಯುವ ಪರೀಕ್ಷೆಗಳು ಮುಗಿದಿದ್ದವು. ಉಳಿದದ್ದು ಒಂದೇ: ಎಂದೂ ಕಂಡಿರದ ಕಿವುಡು ಮಗುವೊಂದನ್ನು ಎದುರಿಗೆ ಕೂರಿಸುತ್ತಾರೆ, ಪರೀಕ್ಷಕರ ಮುಂದೆ ಅದಕ್ಕೊಂದು ಹೊಸ ಮಾತು ಕಲಿಸಬೇಕು. ಅದು ತಪ್ಪಿದರೆ ಇಡೀ ವರ್ಷ ಮತ್ತೆ ಮೊದಲಿಂದ, ಅದೂ ಸಂಬಳವಿಲ್ಲದೆ. ಹಾಗೆ ಇನ್ನೊಂದು ವರ್ಷ ಅವಳಿಂದ ಆಗುವ ಮಾತಲ್ಲ. ಇನ್ನು ಗಿರಿಜೆಯೋ, ಹಿಂದಿನ ಮನೆಯ ತಾಯಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತ್ತು. ನಿರ್ಮಲಮ್ಮ ಬಂದಿಳಿದು ಕೈ ಚಾಚಿದರೂ ತಾಯಿಯ ಹತ್ತಿರ ಬಂದಿರಲಿಲ್ಲ.

*

ಆ ತರಬೇತಿಯ ಸುತ್ತೋಲೆ ಬಂದದ್ದು ಹಿಂದಿನ ವರ್ಷ. ನಿರ್ಮಲಮ್ಮ ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ಅದನ್ನು ಓದಿದಾಗ ಉಳಿದವರು ನಕ್ಕರು. ಮಾತು ಬಾರದವರಿಗೆ ಪಾಠ ಹೇಳಲು ಯಾರು ಹೋಗುತ್ತಾರೆ? ನಿರ್ಮಲಮ್ಮ ಮಾತ್ರ ಕೊನೆಯ ಮಣೆಯತ್ತ ನೋಡಿದಳು. ತಾಯಮ್ಮನ ಮಗಳು ದ್ಯಾಮಿ ಅಲ್ಲಿ ಕೂತಿದ್ದಳು. ಕುರಿ ಕಾಯುವವರ ಮನೆಯ ಆ ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ದಿನಾ ಬಂದು, ಮೇಡಂ ಬರೆದದ್ದನ್ನೆಲ್ಲ ಅಂದವಾಗಿ ಸ್ಲೇಟಿನ ಮೇಲೆ ಇಳಿಸಿಕೊಂಡು, ಒಂದಕ್ಷರದ ಅರ್ಥವೂ ತಿಳಿಯದೆ ಮನೆಗೆ ಹೋಗುತ್ತಿದ್ದಳು.

ನಿರ್ಮಲಮ್ಮನಲ್ಲಿ ಟ್ರೈನಿಂಗ್ ಪಾಸಾದ ಸರ್ಟಿಫಿಕೇಟು ಇತ್ತು, ಸೇವೆಯ ವರ್ಷಗಳೂ ಸಾಕಷ್ಟಿದ್ದವು, ವಯಸ್ಸು ಮೀರಿರಲಿಲ್ಲ. ಬೇಕಾದದ್ದು ಎರಡು. ಕಿವಿ, ಗಂಟಲು ಸರಿಯಾಗಿವೆಯೆಂದು ಡಾಕ್ಟರು ಬರೆದುಕೊಡಬೇಕು. ಮನೆಯ ಹಿರಿಯರು ಒಪ್ಪಿಗೆ ಕೊಡಬೇಕು. ಎರಡನೆಯದಕ್ಕೆ ಪಂಚಾಕ್ಷರಪ್ಪ ಜಗ್ಗಲಿಲ್ಲ. ತೊಟ್ಟಿಲ ಕೂಸನ್ನು ಬಿಟ್ಟು ಹೋಗುವುದೆಂದರೇನು? ಆಗ ವೀರಮ್ಮ ಎದ್ದು ನಿಂತಳು. ಮೊಮ್ಮಗಳನ್ನು ತಾನು ಸಾಕುತ್ತೇನೆ, ನೀನು ಸುಮ್ಮನೆ ಸೈನ್ ಹಾಕು ಎಂದಳು. ಮಗ ನಡುವೆ ಏನೇನೋ ಹೇಳುತ್ತಿದ್ದ. ಅವಳು ಅದಾವುದಕ್ಕೂ ಜಾಗ ಕೊಡದೆ, ಹುಣಸೆಹಣ್ಣು ಬಿಡಿಸುತ್ತ ಊಟದ ಹೊತ್ತಿನ ತನಕ ಮಾತಾಡಿದಳು. ಪಂಚಾಕ್ಷರಪ್ಪ ಸೈನ್ ಹಾಕಿದ.

ಆಸ್ಪತ್ರೆಗೂ ಮೂವರೂ ಹೋದರು. ಡಾಕ್ಟರು ನಿರ್ಮಲಮ್ಮನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲ ಬಳಿಯಿಂದ ಪಿಸುಗುಟ್ಟಿದರು. ಅವಳು "ನಲವತ್ತೇಳು" ಎಂದಳು, "ಹಸುವಿನ ಗಂಟೆ" ಎಂದಳು. ಡಾಕ್ಟರು ಬರೆದುಕೊಟ್ಟರು.

"ಕೇಳಿಸ್ತೇನವ್ವ ನಿಂಗೆ?" ಎಂದು ಹೊರಗೆ ಬೆಂಚಿನ ಮೇಲಿದ್ದ ತಾಯಿಯ ಭುಜ ತಟ್ಟಿ, ಮುಖ ನೋಡಿ ಕೇಳಿದ ಪಂಚಾಕ್ಷರಪ್ಪ, ತಮಾಷೆಗೆ.

"ಅಯ್ಯ, ಆ ಡಾಕ್ಟ್ರು ಪಿಸುಗುಟ್ಟಿದ್ದು ಇಲ್ಲಿಗೇ ಕೇಳ್ತಪ್ಪ!"

"ಏನಂದ್ರು ಹಾಗಾದ್ರೆ?"

"ಹೆಂಗಸರ ಹತ್ರ ಆಡಿದ್ದನ್ನ ಗಂಡಸರು ಕೇಳ್ತಾರೇನೋ? ನಡಿ, ಬಿಸಿಲಾತು."

ದಾರಿಯುದ್ದಕ್ಕೂ ಮೂವರೂ ನಕ್ಕಿದ್ದರು.

*

ದಸರಾ ರಜೆಗೆ ಬಂದಾಗ ನಿರ್ಮಲಮ್ಮನಿಗೆ ಒಂದೇ ಚಿಂತೆ. ತರಬೇತಿಯಲ್ಲಿ ಬರೆಯುವುದೆಲ್ಲ ಸಲೀಸು, ಆದರೆ ಪಾಠ ಕೈಹತ್ತಿರಲಿಲ್ಲ. ಅಭ್ಯಾಸ ಮಾಡೋಣವೆಂದರೆ ದ್ಯಾಮಿ ಅಪ್ಪನೊಂದಿಗೆ ಕುರಿ ಹಿಂದೆ ಅಂಬ್ಲಿಗೊಳದ ಕಡೆ ಹೋಗಿದ್ದಳು.

"ಅದಕ್ಯಾಕೆ ಅಳ್ತೀಯೆ? ನಾನಿಲ್ಲೇನು?" ಎಂದಳು ವೀರಮ್ಮ. "ನನ್ನೇ ಕಿವುಡಿ ಅಂತ ತಿಳ್ಕೊ. ನನಗೆ ಕಲಿಸು."

ಬೆಳಕು ಬೀಳುವ ಕಡೆ, ಬಾಗಿಲಲ್ಲಿ, ಅತ್ತೆ ಸೊಸೆ ಎದುರುಬದುರು ಕೂತರು. ನಿರ್ಮಲಮ್ಮ ದನಿ ತೆಗೆಯದೆ ಬರೀ ತುಟಿಯಲ್ಲಿ "ಪಾಪು" ಎಂದಳು. ಅತ್ತೆ ಹುಬ್ಬುಗಂಟಿಕ್ಕಿ ನೋಡಿ "ಮಾಮ" ಎಂದಳು. ನಿರ್ಮಲಮ್ಮನಿಗೆ ನಗು ತಡೆಯಲಾಗಲಿಲ್ಲ.

"ತುಟಿ ಕೂಡಿಸೋದು ಎಲ್ಲಾದಕ್ಕೂ ಒಂದೇ ಥರ ಐತಲ್ಲೇ. ಹೆಂಗೆ ತಿಳಿಯೋದು?"

"ಒಂದೇ ಮಾತನ್ನ ಹಿಡ್ಕೊಂಡು ಕೂರಬಾರದು ಅತ್ತೆ. ಹಿಂದೆ ಮುಂದೆ ಏನಂದ್ರು, ಯಾವುದರ ಮೇಲೆ ಮಾತು ನಡೀತಾ ಇದೆ, ಅದನ್ನೆಲ್ಲ ಕೂಡಿಸಿ ನೋಡ್ಬೇಕು. ಎಲ್ಲಿ, ಇಲ್ಲಿ ಕೈ ಇಡಿ." ಅತ್ತೆಯ ಕೈ ಹಿಡಿದು ತನ್ನ ಗಂಟಲ ಮೇಲೆ ಇರಿಸಿಕೊಂಡಳು. "ಈಗ ನಡುಗ್ತಾ? ಇದು ಬ. ಈಗ? ಇದು ಪ."

ವೀರಮ್ಮ ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಅವಳ ಕಣ್ಣು ತುಂಬಿಕೊಂಡವು. ಸೊಸೆ ಓದಿ ದೊಡ್ಡವಳಾದಳೆಂಬ ಸಂತೋಷಕ್ಕೆ ಎಂದುಕೊಂಡಳು ನಿರ್ಮಲಮ್ಮ. ರಜೆ ಮುಗಿಯುವ ತನಕ ಒಂದು ದಿನವೂ ಬಿಡದೆ ಅತ್ತೆಯೇ ಕರೆದು ಕೂರಿಸಿಕೊಂಡಳು. ಒಲೆಯ ಮೇಲೆ ಸಾರು ಉಕ್ಕಿದರೂ ಏಳುತ್ತಿರಲಿಲ್ಲ. ಹೊರಡುವ ಹೊತ್ತಿಗೆ ಸೊಸೆ ತುಟಿ ಅಲ್ಲಾಡಿಸಿದರೆ ಸಾಕು, ಅತ್ತೆ ಪಟಪಟನೆ ಹೇಳುತ್ತಿದ್ದಳು.

"ನೀವು ಥೇಟ್ ಕಿವುಡರ ಹಾಗೇ ಮಾಡ್ತೀರಲ್ಲ ಅತ್ತೆ! ನಮ್ಮ ಮೇಷ್ಟ್ರು ನೋಡಿದ್ರೆ ನಿಮ್ಮನ್ನೇ ಶಾಲೆಗೆ ಸೇರಿಸ್ಕೋತಿದ್ರು."

"ನೀನು ಚೆನ್ನಾಗಿ ಕಲಿಸಿದ್ಯಲ್ಲ, ಅದಕ್ಕೆ," ಎಂದಿದ್ದಳು ವೀರಮ್ಮ.

*

ಮಣ್ಣು ಕೊಟ್ಟು ಬಂದು, ಸ್ನಾನ ಮುಗಿಸಿ, ಎಲ್ಲರೂ ಜಗಲಿಯ ಮೇಲೆ ಕೂತಾಗ ಬಿಸಿಲು ಇಳಿದಿತ್ತು. ತಾಯಮ್ಮ ಮಜ್ಜಿಗೆ ತಂದು ಎಲ್ಲರಿಗೂ ಕೊಟ್ಟಳು. ಮಕ್ಕಳು ಹಿತ್ತಲಲ್ಲಿ ದ್ಯಾಮಿಯ ಜೊತೆ ಆಡುತ್ತಿದ್ದವು.

"ಹಂಗಾರೆ ಅಕ್ಕೋರು ನಾಳೆ ಹೋಗಲ್ವಾ?" ಎಂದಳು ತಾಯಮ್ಮ, ಲೋಟ ಹಿಡಿದು ನಿಂತಲ್ಲೇ.

"ಇಲ್ಲ ತಾಯಮ್ಮ," ಎಂದ ಪಂಚಾಕ್ಷರಪ್ಪ. "ಅವ್ವ ಇದ್ದಿದ್ರೆ ಬೇರೆ ಮಾತು. ಕಣ್ಣು, ಕಿವಿ, ಕೈಕಾಲು ಎಲ್ಲಾ ಗಟ್ಟಿ ಇದ್ದ ಜೀವ, ಕೂಸನ್ನ ನೋಡ್ಕೊಳ್ತಿತ್ತು."

ತಾಯಮ್ಮ ಲೋಟ ಕೆಳಗಿಟ್ಟಳು. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು.

"ಗೌಡ್ರೆ, ಆಣೆ ಹಾಕಿಸ್ಕೊಂಡಿದ್ಲು, ಆದ್ರೂ ಹೇಳ್ತೀನಿ. ನಿಮ್ಮವ್ವಂಗೆ ಕಿವಿ ಕೇಳ್ತಿರ್ಲಿಲ್ಲ."

ಬಾಯಿಗೆ ಒಯ್ದಿದ್ದ ಮಜ್ಜಿಗೆಯ ಲೋಟ ಇಳಿಸಿ ಪಂಚಾಕ್ಷರಪ್ಪ ಅವಳತ್ತ ತಿರುಗಿದ.

"ಸಣ್ಣ ಗೌಡ್ರು ತೀರ್ಕೊಂಡ್ರಲ್ಲ, ಆ ವರ್ಷ ಒಂದು ಕಿವಿ ಹೋತು. ಅಕ್ಕೋರು ಮೈಸೂರಿಗೆ ಹೊರಡೋ ಹೊತ್ತಿಗೆ ಇನ್ನೊಂದೂ ಅಷ್ಟಕ್ಕಷ್ಟೆ. ಆಮ್ಯಾಗೆ ಗುಡುಗು ಬಡಿದ್ರೂ ತಿಳೀತಿರ್ಲಿಲ್ಲ. ನಮ್ಮನೇಲಿ ಒಂದು ಐತಲ್ಲ, ನನ್ನ ಕಣ್ಣಿಗೆ ಮರೆಯಾಗ್ತೈತಾ? ಕೇಳೇಬಿಟ್ಟೆ. 'ಬಾಯಿ ಬಿಟ್ಟೀಯ ತಾಯಿ, ಪಂಚಾಕ್ಷರಿಗೆ ಗೊತ್ತಾದ್ರೆ ಸೊಸೀನ ಕಳಿಸಲ್ಲ' ಅಂದ್ಲು. ಬೇರೆಯೋರು ಮಾತಾಡಿದ್ರೆ ತಾನೆ ಉತ್ತರ ಕೊಡೋ ಕಷ್ಟ? ಅದಕ್ಕೇ ತಾನೇ ಮಾತಾಡ್ತಿದ್ಲು."

"ಮತ್ತೆ ಕೂಸು?" ರಾಜೇಶ್ವರಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. "ರಾತ್ರಿ ಹೊತ್ತು ಕೂಸು ಅತ್ರೆ?"

"ಹಳೇ ಸೀರೆ ಅಂಚು ಹರಿದು ಒಂದು ತುದಿ ತೊಟ್ಟಿಲಿಗೆ, ಇನ್ನೊಂದು ತುದಿ ತನ್ನ ಕೈಗೆ ಕಟ್ಕೊಂಡು ಮಲಗ್ತಿದ್ಲು ಕಣ್ರೀ. ಕೂಸು ಒಂದಿಷ್ಟು ಮಿಸುಕಿದ್ರೆ ಸಾಕು, ಕೈ ಜಗ್ತಿತ್ತು, ಎದ್ದು ಕೂರ್ತಿದ್ಲು. ನಾನು ಹಾಲು ಹಾಕಾಕೆ ಬಂದಾಗ ನೋಡಿದೀನಿ, ಮಣಿಕಟ್ಟಿನ ತುಂಬ ಗೆರೆ ಎದ್ದಿರ್ತಿತ್ತು. ಒಂದಿನ ಕೂಸು ಹಸಿದು ಮಲಗಿಲ್ಲ, ಒಂದಿನ ಬಿದ್ದಿಲ್ಲ. ಕಿವಿ ಇರೋರು ಇನ್ನೇನು ಮಾಡ್ತಾರೆ?" ತಾಯಮ್ಮನ ದನಿ ಒಡೆಯಿತು. "ದಸರೆಗೆ ಅಕ್ಕೋರು ಬಂದು ಹೋದ್ರಲ್ಲ, ಆಮ್ಯಾಗೆ ನನ್ನ ಹತ್ರ ಬಂದು ಕುಣಿದಾಡಿದ್ಲು. 'ತಾಯಿ, ನೀನು ಮಾತಾಡಿದ್ದು ನನಗೆ ಕಾಣ್ತೈತೆ ಕಣೆ' ಅಂತ. ನಮ್ಮ ದ್ಯಾಮೀನೂ ಹಂಗೇ ಕುಣೀಲಿ ಅಂತ ಕಾಯ್ತಾ ಇದೀನಿ ಗೌಡ್ರೆ. ಅಕ್ಕೋರನ್ನ ತಡೀಬ್ಯಾಡ್ರಿ."

ನಿರ್ಮಲಮ್ಮ ಕಂಬ ಹಿಡಿದುಕೊಂಡಳು. ತನ್ನ ಗಂಟಲ ಮೇಲಿದ್ದ ಆ ಒರಟು ಕೈ, ತುಂಬಿದ ಆ ಕಣ್ಣು, ಉಕ್ಕಿ ಹೋದ ಸಾರು, ಎಲ್ಲದರ ಅರ್ಥವೂ ಒಟ್ಟಿಗೇ ಬಂದು ಎದೆಗೆ ತಾಗಿತು. ಕಿವುಡರ ಪಾಠ ಕಲಿತು ಬಂದವಳು ಮನೆಯೊಳಗಿನ ಕಿವುಡಿಯನ್ನು ಗುರುತಿಸಲಿಲ್ಲ. ನಾಚಿಕೆಯಾಗಬೇಕಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯೊಳಗಿಂದ ಸಂತೋಷವೇ ಉಕ್ಕಿ ಬಂತು. ತಾನು ಕಲಿಸಿದ್ದು ಫಲಿಸಿತ್ತು. ಮೊದಲ ಪಾಠವೇ ಅತ್ತೆಯ ಪಾಲಿಗೆ ಹೋಗಿತ್ತು. ಅವಳ ಋಣ ಸ್ವಲ್ಪವಾದರೂ ತನಗೆ ತಿಳಿಯದೆಯೇ ತೀರಿತ್ತು. ನಿರ್ಮಲಮ್ಮ ಸೆರಗು ಬಾಯಿಗೆ ಹಿಡಿದು ಅತ್ತಳು, ಆ ದಿನದಲ್ಲಿ ಮೊದಲ ಸಲ, ಮನಸಾರೆ.

ಪಂಚಾಕ್ಷರಪ್ಪ ಅಂಗಳಕ್ಕೆ ಇಳಿದು, ಬೆನ್ನು ತಿರುಗಿಸಿ ನಿಂತಿದ್ದ.

"ನನ್ನ ಕೈಲಿ ಸೈನ್ ಹಾಕಿಸ್ಕೊಂಡ್ಲಲ್ಲ ಮಾರಾಯ್ತಿ!" ಎಂದ ಕೊನೆಗೆ. ಕೋಪದಿಂದ ಶುರುವಾದ ಮಾತು ಅರ್ಧಕ್ಕೇ ನಗುವಿಗೆ ತಿರುಗಿ, ಅಲ್ಲಿಂದ ಬಿಕ್ಕಿಗೆ ಹೋಯಿತು. "ಆಸ್ಪತ್ರೇಲಿ ನನಗೂ ಕೇಳ್ತು ಅಂದ್ಲಲ್ಲ... ಎಂಥಾ ಸುಳ್ಳು!" ಮೂಗೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದ. "ರಾಜೇಶ್ವರಿ, ನೀನು ಇಲ್ಲೇ ಇರು. ನಿರ್ಮಲ ವಾಪಸ್ಸು ಬರೋ ತನಕ ಕೂಸನ್ನ ನೋಡ್ಕೋ. ಆಮೇಲೂ ಅವಳನ್ನ ಯಾವ ಊರಿಗೆ ಹಾಕ್ತಾರೋ ಹಾಕಲಿ, ನಾನು ಹೋಗಿ ಮನೆ ಹುಡುಕಿ ಕೊಡ್ತೀನಿ. ಅವ್ವ ಅಷ್ಟು ಮಾಡಿದ್ದಾಳೆ. ನಾನು ಇಷ್ಟು ಮಾಡದಿದ್ರೆ ಹೇಗೆ?"

"ನಾನಾಗ್ಲೇ ಅದನ್ನೇ ಅಂದ್ಕೊಂಡೆ," ಎಂದಳು ರಾಜೇಶ್ವರಮ್ಮ.

*

ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಈಸೂರಿನ ಕಡೆಯಿಂದ ಸಂತೆಗೆ ಹೊರಟವರು ಮೂಟೆಗಳನ್ನು ಮೇಲೆ ಎಸೆಯುತ್ತಿದ್ದರು. ಕಂಡಕ್ಟರು ಕೂಗುತ್ತಿದ್ದ, ಡ್ರೈವರು ಹಾರನ್ ಹಿಂಡುತ್ತಿದ್ದ. ನಿರ್ಮಲಮ್ಮ ಕಿಟಕಿಯ ಪಕ್ಕ ಕೂತಳು. ಕೆಳಗೆ ಪಂಚಾಕ್ಷರಪ್ಪ ಕಂಡಕ್ಟರಿಗೆ ಏನೋ ತಾಕೀತು ಮಾಡುತ್ತಿದ್ದ. ಅವಳ ಗಮನ ಅತ್ತ ಹೋಗಿತ್ತು.

ರಾಜೇಶ್ವರಮ್ಮನ ಸೊಂಟದ ಮೇಲಿದ್ದ ಗಿರಿಜೆ ಕೊಸರಾಡಿ, ಕಿಟಕಿಯ ಕಡೆಗೆ ಬಾಗಿತು. ಎರಡೂ ಕೈಗಳಲ್ಲಿ ತಾಯಿಯ ಗಲ್ಲ ಹಿಡಿದು, ಮುಖವನ್ನು ತನ್ನತ್ತ ತಿರುಗಿಸಿಕೊಂಡಿತು. ತಾಯಿಯ ಕಣ್ಣು ತನ್ನ ಮೇಲೆ ನಿಲ್ಲುವ ತನಕ ಕಾಯಿತು. ಆಮೇಲೆ ಬಾಯಿ ಅಗಲಿಸಿ, ತುಟಿ ಕೂಡಿಸಿ, ಬಿಡಿಸಿ, ಒಂದೊಂದೇ ಮಾತನ್ನು ನಿಧಾನವಾಗಿ ಆಡಿತು. ಒಂದಿಷ್ಟೂ ದನಿ ಇರಲಿಲ್ಲ.

"ಏನಂತೆ ಕೂಸಿಗೆ?" ಹಾರನ್ ಸದ್ದಿನ ನಡುವೆ ರಾಜೇಶ್ವರಮ್ಮ ಕೂಗಿ ಕೇಳಿದಳು. "ಬರೀ ಬಾಯಿ ಆಡಿಸ್ತದೆ, ಏನೂ ಕೇಳ್ಸಲ್ಲ!"

ಹೋಗಿ ಬಾ ಅವ್ವ, ಎಂದಿತ್ತು ಮಗು, ಅಜ್ಜಿಯೊಡನೆ ಮಾತಾಡುತ್ತಿದ್ದ ರೀತಿಯಲ್ಲೇ.

ನಿರ್ಮಲಮ್ಮ ಬೆಳಕಿನ ಕಡೆಗೆ ಮುಖ ತಂದು, ಸದ್ದಿಲ್ಲದೆ, ತುಟಿಯಲ್ಲೇ ಉತ್ತರ ಕೊಟ್ಟಳು. ಬಸ್ಸು ಅಲುಗಿತು. ಗಿರಿಜೆ ಅವಳ ತುಟಿಯನ್ನು ಕೊನೆಯ ತನಕ ನೋಡಿ, ತಿಳಿಯಿತೆಂದು ತಲೆಯಾಡಿಸಿ, ಗಲ್ಲದಿಂದ ಕೈ ತೆಗೆಯಿತು.